ಅಪ್ಪನ ಅರವತ್ತು ಮಾರು

ನಮ್ಮ ಮನೆಯಲ್ಲಿ ಅಳತೆಯ ಟೇಪು ಇರಲಿಲ್ಲ. ಅವ್ವನ ಕೈ ಇತ್ತು, ಅಪ್ಪನ ಕಣ್ಣಿತ್ತು, ಅಷ್ಟರಲ್ಲೇ ಸಂಸಾರ ನಡೆಯುತ್ತಿತ್ತು. ಜೀರಹಳ್ಳಿಯಿಂದ ಕಾಡಿನ ಕಡೆಗೆ ಹೋಗುವ ಗಾಡಿದಾರಿಯಲ್ಲಿ ಕೊನೆಯ ಮನೆ ನಮ್ಮದು. ಹೆಂಚಿನ ಮಾಡು, ಮಣ್ಣಿನ ಗೋಡೆ, ಒಳಗೆ ಎರಡೇ ಕೋಣೆ. ಮುಂದಿನದರಲ್ಲಿ ಮಲಗುವುದು, ಉಣ್ಣುವುದು, ಹೂ ಕಟ್ಟುವುದು. ಹಿಂದಿನದರಲ್ಲಿ ಒಲೆ, ರಾಗಿ ತುಂಬಿದ ಮಡಕೆಗಳು, ಗೋಡೆಯಲ್ಲೇ ಕೊರೆದ ದೇವರ ಗೂಡು. ಗೂಡಿನಲ್ಲಿ ಮಾದಪ್ಪನ ಒಂದು ಪಟ, ಹೊಗೆ ಹಿಡಿದು ಮಾದಪ್ಪನ ಹುಲಿ ಬೆಕ್ಕಿನಂತಾಗಿತ್ತು. ಹಿಂದಿನ ಬಾಗಿಲು ತೆಗೆದರೆ ಹಿತ್ತಿಲು, ಹಿತ್ತಿಲಾಚೆ ಸಿದ್ದಣ್ಣನ ರಾಗಿ ಹೊಲ, ಹೊಲದಾಚೆ ಆನೆ ಬಾರದಿರಲೆಂದು ತೋಡಿದ ಕಂದಕ, ಅದರಾಚೆ ಕಾಡು. ಕಂದಕದ ಮಣ್ಣು ಎರಡು ಕಡೆ ಕುಸಿದಿತ್ತು. ಆನೆಗೆ ಆ ಎರಡು ಕಡೆ ಯಾವುವೆಂದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಬಾವಿ ಎಷ್ಟು ದೂರ ಎಂದರೆ ಒಂದು ಕೂಗಳತೆ. ಮಾರಮ್ಮನ ಕಲ್ಲು ಎರಡು ಕೂಗಳತೆ. ಶಾಲೆ, ಎಲೆ ಅಡಿಕೆ ಬಾಯಿಗೆ ಹಾಕಿ ಹೊರಟರೆ ಉಗಿಯುವ ಹೊತ್ತಿಗೆ ಸಿಗುವಷ್ಟು ದೂರ. ಇಷ್ಟು ತಿಳಿದಿದ್ದರೆ ಸಾಕಿತ್ತು, ಯಾರೂ ದಾರಿ ತಪ್ಪುತ್ತಿರಲಿಲ್ಲ.

ಅವ್ವ ದಿನಾ ಹೂ ಕಟ್ಟಿ ಮಾರುತ್ತಿದ್ದಳು. ಬೆಳಿಗ್ಗೆ ಬೇರೆಯವರ ತೋಟದಲ್ಲಿ ಬಿಡಿಸಿದ ಹೂವಿನಲ್ಲಿ ಒಂದು ಪಾಲು ಅವಳಿಗೆ. ಮಧ್ಯಾಹ್ನ ಕಾಲು ಚಾಚಿ ಕೂತು ಕಟ್ಟಿ, ಸಂಜೆ ಮೊಳದ ಲೆಕ್ಕದಲ್ಲಿ ಕೊಡುತ್ತಿದ್ದಳು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಅವ್ವ ಕುಳ್ಳಿ, ಕೈಯೂ ಗಿಡ್ಡ. ಅದಕ್ಕೆ ದಿನಾ ಒಂದು ಜಗಳ. ಸಿದ್ದಣ್ಣನ ಹೆಂಡತಿ ಕೆಂಪಕ್ಕ ಹೂವಿಗೆ ಬಂದಾಗಲೆಲ್ಲ ತನ್ನ ಉದ್ದ ಕೈ ಮುಂದೆ ಚಾಚಿ, ಇದರಲ್ಲಿ ಅಳೆ ಎನ್ನುತ್ತಿದ್ದಳು.

“ನಿನ್ ಕೈಲಿ ಅಳುದ್ರೆ ಸಾಮಿಗೂ ಮೋಸ, ನಂಗೂ ಮೋಸ ಕಣಕ್ಕ.”

“ನಿನ್ ಕೈಲಿ ಅಳುದ್ರೆ ನನ್ ಕೂಸು ಉಪಾಸ. ಊವ ನಂದು, ಕೈಯೂ ನಂದೇಯ.”

ಹೀಗೆ ಬೈದಾಡಿಕೊಂಡೇ ಇಬ್ಬರೂ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಜಗಳ ಮುಗಿಯುವ ಹೊತ್ತಿಗೆ ಅವ್ವ ಕೊನೆಯಲ್ಲಿ ಎರಡು ಹೂ ಸೇರಿಸಿ ಕೊಟ್ಟಿರುತ್ತಿದ್ದಳು.

ಅಪ್ಪ ಕೂಲಿಗೆ ಹೋಗುತ್ತಿದ್ದ. ಅರಿಸಿನ ಕೀಳುವುದು, ಬಾಳೆಗೆ ಗುಂಡಿ ತೋಡುವುದು, ಯಾವುದಾದರೂ ಸರಿ. ಆದರೆ ಸುತ್ತಿನವರು ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅವನ ಕಣ್ಣಿಗಾಗಿ. ಎದುರಿಗೆ ಏನೇ ಇರಲಿ, ಇಷ್ಟು ಮಾರು ದೂರ ಎಂದು ನೋಡಿದ ತಕ್ಷಣ ಹೇಳುತ್ತಿದ್ದ. ಎರಡೂ ಕೈ ಅಗಲಿಸಿದರೆ ಒಂದು ಮಾರು. ಆನೆ ಹೊಲಕ್ಕೆ ಬಂದಾಗ ಜನ ಪಟಾಕಿ ಹುಡುಕುವ ಮೊದಲು ಅಪ್ಪನನ್ನು ಹುಡುಕುತ್ತಿದ್ದರು. ಎಪ್ಪತ್ತು ಮಾರು ಎಂದರೆ ನಿಂತು ತಮಟೆ ಬಡಿಯಬಹುದು. ನಲವತ್ತು ಎಂದರೆ ಹೆಂಗಸರು ಮಕ್ಕಳು ಒಳಗೆ. ಅದಕ್ಕೂ ಕಡಿಮೆ ಎಂದರೆ ಯಾರೂ ಕೇಳುತ್ತ ನಿಲ್ಲುತ್ತಿರಲಿಲ್ಲ. ನನಗೆ ಆಗ ಹತ್ತು ವರ್ಷ. ಹೊಲದ ಬದುವಿನ ಮೇಲೆ ನಿಲ್ಲಿಸಿಕೊಂಡು ಅವನು ನನಗೆ ಹೇಳಿಕೊಟ್ಟ ಪಾಠ ಇಷ್ಟು:

“ಕಿವಿ ಬೀಸೋದು ಕಂಡ್ರೆ ನಿಂತ್ಕ. ಕಣ್ಣು ಕಂಡ್ರೆ ಇಂದಕ್ ಓಗು. ಬಾಲದ ಕೂದ್ಲು ಎಣಿಸೋ ಅಂಗಾದ್ರೆ ಎಣಿಸ್ಬ್ಯಾಡ ಕೂಸೇ, ಓಡು.”

ಇನ್ನೊಂದು ಉಪಾಯವೂ ಇತ್ತು. ಕೈ ನೀಡಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ದೂರದ ಹಸುವಿಗೆ ಹಿಡಿ. ಆಮೇಲೆ ಆ ಕಣ್ಣು ತೆಗೆದು ಇನ್ನೊಂದು ಮುಚ್ಚು. ಬೆರಳು ಪಕ್ಕಕ್ಕೆ ಜಿಗಿಯುತ್ತದೆ. ಎಷ್ಟು ಹಸುವಿನ ಉದ್ದ ಜಿಗಿಯಿತೋ ಅದರ ಹತ್ತರಷ್ಟು ದೂರ. ನಾನು ಶಾಲೆಗೆ ಹೋಗುವ ದಾರಿಯುದ್ದಕ್ಕೂ ಹೆಬ್ಬೆರಳು ಎತ್ತಿಕೊಂಡೇ ಹೋಗಿ ಕಲ್ಲು ಎಡವಿ ಬಿದ್ದಿದ್ದೇನೆ.

ಆ ವರ್ಷ ಮಳೆಗಾಲ ಇಳಿಯುವ ಹೊತ್ತಿಗೆ ಕಾಡಿನಲ್ಲಿ ಪ್ರಾಣಿ ಎಣಿಸಲು ಒಬ್ಬರು ಬಂದರು. ಕೆಳಗಿನ ತಮಿಳು ಸೀಮೆಯವರು, ಕಷ್ಟಪಟ್ಟು ಕನ್ನಡ ಆಡುತ್ತಿದ್ದರು. ಸರ್ ಎನ್ನುವುದು ಊರಿನವರ ಬಾಯಲ್ಲಿ ಸಾರು ಆಗಿ, ಅವರು ಅಳತೆ ಸಾರು. ಹಾಸನೂರಿನಲ್ಲಿ ಉಳಿದುಕೊಂಡಿದ್ದರು. ನೆಟ್ಟಗೆ ಒಂದು ಗೆರೆ ಹಿಡಿದು ಕಾಡಿನಲ್ಲಿ ನಡೆಯುವುದು, ಕಂಡ ಜಿಂಕೆ, ಕಾಟಿ, ಆನೆ ಎಷ್ಟು ದೂರದಲ್ಲಿವೆ ಎಂದು ಬರೆದುಕೊಳ್ಳುವುದು ಅವರ ಕೆಲಸ. ಆ ಗೆರೆ ನಮ್ಮ ಹಿತ್ತಿಲ ಹಿಂದಿನಿಂದಲೇ ಶುರುವಾಗುತ್ತಿತ್ತು. ಹಾಗಾಗಿ ಅಪ್ಪ ಅವರ ಜೊತೆ ದಿನಗೂಲಿಗೆ ಸೇರಿದ, ಅವರ ಸಾಮಾನು ನಮ್ಮ ಮನೆಯಲ್ಲಿ ಉಳಿಯಿತು.

ಸಾಮಾನಿನಲ್ಲಿ ಒಂದು ಉದ್ದನೆಯ ಕಪ್ಪು ಕೊಳವೆ. ಅವ್ವನ ಒಂದು ಮೊಳಕ್ಕಿಂತ ತುಸು ಹೆಚ್ಚು. ಎರಡು ತುದಿಯಲ್ಲೂ ಒಂದೊಂದು ಗಾಜಿನ ಕಿಟಕಿ, ನಡುವೆ ಕಣ್ಣಿಟ್ಟು ನೋಡುವ ತೂತು, ಪಕ್ಕದಲ್ಲಿ ತಿರುಗಿಸುವ ಗಾಲಿ. ತೂತಿನಲ್ಲಿ ನೋಡಿದರೆ ಎದುರಿನ ಮರ ಎರಡಾಗಿ ಕಾಣುತ್ತದೆ. ಗಾಲಿ ತಿರುಗಿಸುತ್ತ ಹೋದರೆ ಎರಡು ಮರವೂ ಹತ್ತಿರ ಬಂದು ಒಂದಾಗುತ್ತವೆ. ಒಂದಾದ ಕಡೆ ನಿಲ್ಲಿಸಿದರೆ ಎಷ್ಟು ಗಜ ಎಂದು ಅಂಕಿ ತೋರಿಸುತ್ತದೆ. ಎರಡು ಗಜಕ್ಕೆ ಒಂದು ಮಾರು. ಅಪ್ಪನ ಹೆಬ್ಬೆರಳು ಮಾಡುವುದನ್ನೇ ಇದೂ ಮಾಡುವುದು, ಇದರ ಎರಡು ಕಣ್ಣು ನಮಗಿಂತ ದೂರ ದೂರ ಇವೆ ಅಷ್ಟೇ ಎಂದು ಸಾರು ವಿವರಿಸಿದ್ದರು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ನಮ್ಮ ಬಾಯಲ್ಲಿ ನಿಲ್ಲಲಿಲ್ಲ.

ಮೊದಲ ದಿನ ಸಾರು ತಮಾಷೆಗೆ ಅಪ್ಪನನ್ನು ಕೇಳಿದರಂತೆ, ಆ ಜಿಂಕೆ ಎಷ್ಟು ದೂರ ಎಂದು. ಅಪ್ಪ ಮೂವತ್ತೆರಡು ಮಾರು ಎಂದ. ಕೊಳವೆ ಅರವತ್ತೈದು ಗಜ ಎಂದಿತು. ಆಮೇಲೆ ತಮಾಷೆ ನಿಂತಿತು. ಸಾರು ಪುಸ್ತಕದಲ್ಲಿ ಎರಡು ಸಾಲು ಹಾಕಿಕೊಂಡರು, ಒಂದು ಅಪ್ಪನ ಮಾತು, ಒಂದು ಕೊಳವೆಯ ಮಾತು. ಸಂಕ್ರಾಂತಿಯವರೆಗೂ ಎರಡೂ ಹೀಗೇ ಹೊಂದಿಕೊಂಡು ಹೋದರೆ, ವರ್ಷವಿಡೀ ಎಣಿಸುವ ಕೆಲಸಕ್ಕೆ ಅಪ್ಪನನ್ನು ಕಾಯಂ ಮಾಡಿಕೊಳ್ಳಲು ಬರೆಯುತ್ತೇನೆ ಎಂದರು. ಅವತ್ತು ಅವ್ವ ಮುದ್ದೆಯ ಜೊತೆ ಕೋಳಿ ಸಾರು ಮಾಡಿದಳು. ಅಪ್ಪ ಉಣ್ಣುತ್ತ ಉಣ್ಣುತ್ತ ಬಾಗಿಲಾಚೆ ಕಂಡದ್ದಕ್ಕೆಲ್ಲ ಮಾರು ಹೇಳುತ್ತಿದ್ದ, ಅವ್ವ ನಗುತ್ತಿದ್ದಳು. ಆ ಊಟದ ರುಚಿ ನನಗೆ ಈಗಲೂ ನೆನಪಿದೆ. ಅಂಥ ಒಂದು ಊಟ ಆಯಿತಲ್ಲ, ಮಾದಪ್ಪ ಅಷ್ಟಾದರೂ ಕೊಟ್ಟ ಎಂದುಕೊಳ್ಳುತ್ತೇನೆ.

ಆಯುಧ ಪೂಜೆಗೆ ಸಾರು ತಮ್ಮ ಊರಿಗೆ ಹೋದರು. ಕೊಳವೆಯನ್ನು ಚರ್ಮದ ಚೀಲದಲ್ಲಿ ಹಾಕಿ ನಮ್ಮ ದೇವರ ಗೂಡಿನ ಕೆಳಗೆ ಇಟ್ಟಿದ್ದರು. ಬೆಳಿಗ್ಗೆ ಅಪ್ಪ ಅವ್ವ ಹೂ ಬಿಡಿಸಲು ಹೋದಾಗ, ಆಯುಧಗಳನ್ನೆಲ್ಲ ತೊಳೆದಿಡು ಎಂದು ನನಗೆ ಹೇಳಿ ಹೋದರು. ಕುಡುಗೋಲು, ಗುದ್ದಲಿ, ಮಚ್ಚು, ಹಾರೆ, ಎಲ್ಲ ತೊಳೆದೆ. ನನಗೆ ಆಗಲೂ ದೇವರ ಕೆಲಸ ಎಂದರೆ ಒಂದು ಹಟ, ಯಾವುದನ್ನೂ ಅರೆಬರೆ ಮಾಡಬಾರದು. ಅಪ್ಪನಿಗೆ ಅನ್ನ ಕೊಡುತ್ತಿರುವ ಆಯುಧ ಈಗ ಕುಡುಗೋಲಲ್ಲ, ಕೊಳವೆ. ಅದಕ್ಕೆ ಪೂಜೆ ಆಗದಿದ್ದರೆ ಹೇಗೆ ಅನ್ನಿಸಿತು. ಚೀಲದಿಂದ ತೆಗೆದರೆ ಮೈಯೆಲ್ಲ ಧೂಳು, ಬೆವರಿನ ಜಿಡ್ಡು. ಧೂಳು ಮೆತ್ತಿದ್ದಕ್ಕೆ ಕುಂಕುಮ ಇಡುವುದು ಹೇಗೆ? ಹಿತ್ತಿಲ ಒಗೆಯುವ ಕಲ್ಲಿನ ಮೇಲಿಟ್ಟು, ಹಿತ್ತಾಳೆ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಎರಡು ಬಿಂದಿಗೆ ನೀರು ಹುಯ್ದೆ. ಬಿಸಿಲಿಗೆ ಒಣಗಲಿ ಎಂದು ಅಲ್ಲೇ ಬಿಟ್ಟು ಒಳಗೆ ಹೂ ತರಲು ಹೋದಾಗ ಧಡ್ ಎಂದಿತು. ದುಂಡಗಿನ ಕೊಳವೆ ಕಲ್ಲಿನಿಂದ ಉರುಳಿ ಕೆಳಗಿನ ಚಪ್ಪಡಿಯ ಮೇಲೆ ಬಿದ್ದಿತ್ತು.

ಎತ್ತಿ ನೋಡಿದೆ. ಗಾಜು ಒಡೆದಿರಲಿಲ್ಲ, ಒಂದು ಗೀರು ಸಹ ಇಲ್ಲ. ಲಂಗದಲ್ಲಿ ಒರೆಸಿ ಕಣ್ಣಿಟ್ಟೆ. ಕಾಡಿನಾಚೆಯ ಬೆಟ್ಟ ಎರಡಾಗಿ ಕಂಡಿತು. ಗಾಲಿ ತಿರುಗಿಸಿದೆ. ಕೊನೆಯವರೆಗೂ ತಿರುಗಿಸಿ, ಇನ್ನು ತಿರುಗದು ಎನ್ನುವಲ್ಲಿ ನಿಂತರೂ ಎರಡು ಬೆಟ್ಟ ಒಂದಾಗಲಿಲ್ಲ. ಮೊದಲು ಆಗುತ್ತಿತ್ತು, ಸಾರು ನನಗೆ ತೋರಿಸಿದ್ದರು. ಮೂರು ಬೆರಳು ವಿಭೂತಿ ಎಳೆದು, ಎರಡು ಕಿಟಕಿಯ ಪಕ್ಕಕ್ಕೂ ಕುಂಕುಮ ಇಟ್ಟು, ಹೂ ಏರಿಸಿ ಗೂಡಿನ ಮುಂದೆ ಇಟ್ಟೆ. ಮಾದಪ್ಪನಿಗೆ ಎಲ್ಲ ಹೇಳಿದೆ. ಅಪ್ಪನಿಗೆ ಹೇಳಲಿಲ್ಲ.

ಸಾರು ಬಂದು ಕುಂಕುಮ ಕಂಡು ನಕ್ಕರು, ಕರವಸ್ತ್ರದಲ್ಲಿ ಒರೆಸಿಕೊಂಡರು. ಅವರು ಯಾವತ್ತೂ ಅದನ್ನು ದೂರದ ಬೆಟ್ಟಕ್ಕೆ ಹಿಡಿಯಲಿಲ್ಲ, ಹತ್ತಿರದ ಪ್ರಾಣಿಗೇ ಹಿಡಿಯುತ್ತಿದ್ದರು. ಹತ್ತಿರದ್ದು ಒಂದಾಗುತ್ತಿತ್ತು, ಆದರೆ ಅಂಕಿ ಮಾತ್ರ ಇರುವುದಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಗಜವನ್ನು ಮಾರಿಗೆ ಇಳಿಸಿ ನೋಡಿದರೆ, ಅಪ್ಪ ನಲವತ್ತು ಎಂದರೆ ಅದು ನಲವತ್ತಾರು ಎನ್ನುತ್ತಿತ್ತು. ಅಪ್ಪ ಐವತ್ತು ಎಂದರೆ ಅದು ಅರವತ್ತು. ಮೊದಲ ದಿನ ಅಪ್ಪ ಮನೆಗೆ ಬಂದು, ಇವತ್ತು ಯಾಕೋ ಕಣ್ಣಿಗೆ ನಿದ್ದೆ ಸಾಲದು ಎಂದ. ಒಂದು ವಾರ ಕಳೆದ ಮೇಲೆ ಏನೂ ಹೇಳಲಿಲ್ಲ. ಸಾರು ಒಳ್ಳೆಯವರು, ನಲವತ್ತು ವರ್ಷ ದಾಟಿದ ಮೇಲೆ ಎಲ್ಲರ ಕಣ್ಣೂ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರಂತೆ. ಆ ಒಳ್ಳೆಯ ಮಾತೇ ಅಪ್ಪನನ್ನು ಹೆಚ್ಚು ಕುಗ್ಗಿಸಿತು. ಸಂಜೆ ಹಿತ್ತಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಹೆಬ್ಬೆರಳು ಎತ್ತಿ ಇಳಿಸಿ ನೋಡುತ್ತಿದ್ದ. ಕೊಳವೆ ಹೇಳಿದ್ದಕ್ಕೆ ತನ್ನ ಕಣ್ಣನ್ನು ಹೊಂದಿಸಿಕೊಳ್ಳಲು ನೋಡುತ್ತಿದ್ದ. ಊಟಕ್ಕೆ ಕೂತರೆ ನೀರಿನ ಲೋಟವನ್ನು ತಡವಿ ಹಿಡಿಯುವವರಂತೆ ನಿಧಾನಕ್ಕೆ ಹಿಡಿಯುತ್ತಿದ್ದ. ಎದುರಿಗೆ ನಾನು. ಇವತ್ತು ಹೇಳುತ್ತೇನೆ ಎಂದು ದಿನಾ ಕೂರುವುದು, ಕೈ ತೊಳೆದು ಏಳುವುದು.

ದೀಪಾವಳಿ ಕಳೆದು, ಗುಮಟಾಪುರದ ಹಬ್ಬದಲ್ಲಿ ಸಗಣಿ ಎರಚಾಡಿ ಬಂದವರು ಇನ್ನೂ ಆ ಮಾತೇ ಆಡುತ್ತಿದ್ದ ದಿನಗಳು. ರಾಗಿ ತೆನೆ ಬಲಿತಿತ್ತು. ಒಂದು ಬೆಳಿಗ್ಗೆ ಬಿಸಿಲೇರಿದರೂ ಒಂಟಿ ಆನೆಯೊಂದು ಸಿದ್ದಣ್ಣನ ಹೊಲ ಬಿಟ್ಟು ಹೋಗಿರಲಿಲ್ಲ. ಅವ್ವ ಹೂವಿನ ಬುಟ್ಟಿ ಹೊತ್ತು ಕಂದಕದ ಪಕ್ಕದ ದಾರಿಯಲ್ಲಿ ಬರುತ್ತಿದ್ದಳು, ನಾನು ಮತ್ತು ಅಪ್ಪ ಬದುವಿನ ಮೇಲೆ ನಿಂತಿದ್ದೆವು. ಸಿದ್ದಣ್ಣ ಅವ್ವನ ಕಡೆಯ ನೆಂಟ, ಅಪ್ಪನನ್ನು ಭಾವ ಎನ್ನುತ್ತಿದ್ದ. ಹೊಲದ ಆ ತುದಿಯಿಂದ ಕೂಗಿದ.

“ಎಸ್ಟ್ ದೂರ ಭಾವ?”

ಅಪ್ಪ ಬಾಯಿ ತೆರೆದ, ಮುಚ್ಚಿದ. ಸಿದ್ದಣ್ಣ ಮತ್ತೆ ಕೂಗಿದ.

“ಅಕ್ಕ ಬತ್ತಾವ್ಳೆ ಕಣ್ ಭಾವ. ನಿಲ್ಲು ಅನ್ಲಾ, ಓಡು ಅನ್ಲಾ? ಯೋಳು.”

“ಗೊತ್ತಾಯ್ತಿಲ್ಲ ಸಿದ್ದ,” ಅಂದ ಅಪ್ಪ. ಸಿದ್ದಣ್ಣನಿಗೆ ಕೇಳುವಷ್ಟೂ ಜೋರಾಗಿ ಹೇಳಲಿಲ್ಲ. ಪಕ್ಕದಲ್ಲಿದ್ದ ನನಗೆ ಕೇಳಿಸಿತು.

ಅಪ್ಪನ ಮಾತು ಬಾರದಿದ್ದಾಗ ಸಿದ್ದಣ್ಣ ಓಡು ಎಂದು ಕೂಗಿದ. ಅವ್ವ ಬುಟ್ಟಿ ಬಿಸಾಡಿ ಓಡಿದಳು. ಆನೆ ಅವಳ ಕಡೆ ತಿರುಗಿಯೂ ನೋಡಲಿಲ್ಲ, ಅದು ಬೇಕಾದಷ್ಟು ದೂರ ಇತ್ತು. ಆದರೆ ಕಂದಕದ ಅಂಚಿನ ಮಣ್ಣು ಜಾರಿ ಅವ್ವ ಒಳಗೆ ಬಿದ್ದಳು. ಆನೆ ತನ್ನ ಪಾಡಿಗೆ ತಾನು ಇನ್ನೊಂದು ಕಡೆಯಿಂದ ದಾಟಿ ಹೋದ ಮೇಲೆ ಎಲ್ಲರೂ ಸೇರಿ ಎತ್ತಿದರು. ಬಲಗೈ ಮುರಿದಿತ್ತು. ಬರೀ ಕೈ. ಬೆನ್ನಲ್ಲ, ಕುತ್ತಿಗೆಯಲ್ಲ. ಅದನ್ನು ನಾನು ಇಂದಿಗೂ ಪ್ರತಿ ಸೋಮವಾರ ದೀಪ ಹಚ್ಚುವಾಗ ನೆನೆಸಿಕೊಳ್ಳುತ್ತೇನೆ.

ಪಕ್ಕದ ಊರಿನ ಅಜ್ಜ ಬಂದು ಮೂಳೆ ಕೂಡಿಸಿ, ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟಿ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದೆವು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಇನ್ನು ಸಾರಿನ ಜೊತೆ ಹೋಗುವುದಿಲ್ಲ, ಕಣ್ಣು ಕೈಕೊಟ್ಟವನು ಯಾಕೆ ಸುಳ್ಳು ಹೇಳಿಕೊಂಡು ಕೂಲಿ ಪಡೆಯಬೇಕು ಎಂದ. ಆಗ ಹೇಳಿದೆ. ಹುಣಸೆಹಣ್ಣು, ಬೂದಿ, ಕಲ್ಲು, ಎರಡು ಬೆಟ್ಟ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹೊಡೆಯಲಿ ಎಂದು ಹತ್ತಿರವೇ ನಿಂತೆ. ಅಪ್ಪ ಹೊಡೆಯಲಿಲ್ಲ. ಗೂಡಿನ ಕೆಳಗಿಂದ ಕೊಳವೆ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಬೆಟ್ಟಕ್ಕೆ ಹಿಡಿದ. ಬಹಳ ಹೊತ್ತು ಗಾಲಿ ತಿರುಗಿಸಿದ.

“ಎಲ್ಡ್ ಬೆಟ್ಟ,” ಅಂದ. ಆಮೇಲೆ, “ತಿಂಗ್ಳಿಂದ ಇದ್ರ ಮಾತ ನಂಬ್ಕಂಡು ನನ್ ಕಣ್ಣ ಬುಟ್ಬುಟ್ನಲ್ಲ.”

ಒಳಗೆ ಮಲಗಿದ್ದ ಅವ್ವ ಕಟ್ಟು ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕರೆದಳು.

“ತೊಳ್ದದ್ದು ತಪ್ಪಲ್ಲ ಕೂಸೇ. ಬಾಯಿ ಮುಚ್ಕಂಡದ್ದು ತಪ್ಪು. ಇನ್ನೆಂದೂ ನಿಮ್ಮಪ್ಪನ ಮುಂದೆ ಸುಳ್ಳಾಡಲ್ಲ ಅಂತ ಮಾದಪ್ಪನ ಮುಂದೆ ಆಣೆ ಇಕ್ಕು.”

ಆಣೆ ಇಟ್ಟೆ.

ಅಪ್ಪ ಸಾರಿಗೆ ಎಲ್ಲ ಹೇಳಿದ. ಅವರು ಕೊಳವೆಯ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿ ನೋಡಿ, ಒಳಗಿನ ಕನ್ನಡಿ ಜರುಗಿದೆ ಎಂದರು. ದಿನಾ ಬೆಳಿಗ್ಗೆ ಗೊತ್ತಿರುವ ಒಂದು ದೂರಕ್ಕೆ ಹಿಡಿದು ಪರೀಕ್ಷೆ ಮಾಡಬೇಕಿತ್ತು, ನಾನೇ ಮಾಡಲಿಲ್ಲ ಎಂದು ತಮ್ಮನ್ನೇ ಬೈದುಕೊಂಡರು. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. ಆದರೆ ಆ ತಿಂಗಳಿನ ಹಾಳೆಗಳನ್ನೆಲ್ಲ ಹೊಡೆದುಹಾಕಬೇಕಾಯಿತು, ಅಪ್ಪನ ಸಾಲನ್ನೂ ಕೊಳವೆಯ ಸಾಲನ್ನೂ. ಅಪ್ಪ ಮತ್ತೆ ದೂರ ಹೇಳಲು ಒಪ್ಪಲಿಲ್ಲ, ಉಳಿದ ಸ್ವಲ್ಪವನ್ನು ನೋಡಿ ಯಾರೂ ಯಾರನ್ನೂ ಕಾಯಂ ಮಾಡುವಂತಿರಲಿಲ್ಲ. ಸಂಕ್ರಾಂತಿಗೆ ಅವರು ಹೊರಟು ಹೋದರು, ಮತ್ತೆ ಬರಲಿಲ್ಲ. ಅಪ್ಪ ಅರಿಸಿನ ಕೀಳಲು ಹೋದ.

ಕೊಳವೆಯದೇ ತಪ್ಪೆಂದು ತಿಳಿದರೂ ಅಪ್ಪನ ಬಾಯಿಂದ ಮಾರಿನ ಮಾತು ಬರಲಿಲ್ಲ. ಯಾರಾದರೂ ಕೇಳಿದರೆ, ನೀವೇ ನೋಡಿಕೊಳ್ಳಿ ಎನ್ನುತ್ತಿದ್ದ. ಮನೆಯಲ್ಲಿ ಒಂದು ದನಿ ಕಡಿಮೆಯಾದಂತಾಗಿತ್ತು. ಸಾರು ಹೋದ ಹೊಸದರಲ್ಲಿ, ಒಂದು ಸಂಜೆ, ಅವನೇ ಅಟ್ಟದಿಂದ ಹಗ್ಗ ಇಳಿಸಿದ. ತನ್ನ ಕೈಯಲ್ಲೇ ಅಳೆದು ಮಾರಿಗೊಂದರಂತೆ ಇಪ್ಪತ್ತು ಗಂಟು ಹಾಕಿದ. ನನ್ನನ್ನೂ ಅವ್ವನನ್ನೂ ಹೊಲದ ಕಡೆಗೆ ನಡೆಯಲು ಹೇಳಿ, ನಿಮಗೆ ತೋಚಿದ ಕಡೆ ನಿಲ್ಲಿ ಎಂದ. ತಾನು ಹಿಂಬಾಗಿಲ ಹೊಸ್ತಿಲ ಮೇಲೆ ನಿಂತ. ರಾಗಿ ಕೊಯ್ದ ಹೊಲ, ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಒಂದು ಕಡೆ ನಿಂತೆವು. ಅಪ್ಪ ನೋಡಿದ. ತಿಂಗಳುಗಳ ಮೇಲೆ ಅವನ ಗಂಟಲಿಂದ ಆ ಮಾತು ಬಂತು.

“ಅರವತ್ತು ಮಾರು. ಅಳೀರಿ.”

ಅವ್ವ ಹಗ್ಗದ ತುದಿಯನ್ನು ಕಾಲಲ್ಲಿ ತುಳಿದು ನಿಂತಳು, ಕೈ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲ. ನಾನು ಹಗ್ಗ ಎಳೆದುಕೊಂಡು ಗಂಟು ಎಣಿಸುತ್ತ ಅಪ್ಪನ ಕಡೆಗೆ ಬಂದೆ. ಇಪ್ಪತ್ತು ಮುಗಿದ ಕಡೆ ಅವ್ವ ಬಂದು ಮತ್ತೆ ತುಳಿದಳು. ನಲವತ್ತು. ಮೂರನೆಯ ಸಲ ಹಗ್ಗ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನನ್ನ ಕಾಲು ಹೊಸ್ತಿಲಿಗೆ ತಾಗಿತು. ಐವತ್ತಾರು. ಮತ್ತೊಮ್ಮೆ ಕೈಯಲ್ಲಿ ಗಂಟು ತಡವಿದೆ. ಹದಿನಾರನೆಯದೇ. ತಿಂಗಳಿಡೀ ಆ ಕೊಳವೆಗೆ ಹೊಂದಿಸಲು ಹೋಗಿ ಅಪ್ಪನ ಕಣ್ಣೂ ಅದರಂತೆ ಜಾಸ್ತಿ ನೋಡುವುದನ್ನು ಕಲಿತಿತ್ತು. ನಾನು ಜರುಗಿಸಿದ್ದು ಒಳಗಿನ ಕನ್ನಡಿ ಒಂದನ್ನೇ ಅಲ್ಲ ಎಂದು ಆಗ ನನಗೆ ತಿಳಿಯಿತು.

“ಎಸ್ಟ್ ಬಂತು?”

ಅಪ್ಪನ ಮುಖ ನೋಡಿದೆ. ಮಾದಪ್ಪನ ಆಣೆ ನೆನಪಿತ್ತು.

“ಅರವತ್ತು ಕಣಪ್ಪ. ಸರ್ಯಾಗಿ ಅರವತ್ತು.”

ಅಪ್ಪ ಹ್ಞೂಂ ಎಂದು ಹಗ್ಗ ಸುತ್ತಿ ಅಟ್ಟಕ್ಕೆ ಎಸೆದ. ಮಾರನೆಯ ದಿನದಿಂದ ಅವನ ದನಿ ಮತ್ತೆ ಕೇಳಿಸಿತು. ಆನೆ ಬಂದರೆ ಜನ ಮೊದಲಿನಂತೆ ಅವನನ್ನು ಕೂಗಿ ಕೇಳಿದರು, ಅವನು ಹೇಳಿದ. ಅಪ್ಪ ಐವತ್ತು ಎಂದರೆ ನಾನು ಮನಸ್ಸಿನಲ್ಲೇ ನಾಲ್ಕು ಕಳೆದು, ಅವ್ವನ ಸೆರಗು ಹಿಡಿದು ನಾಲ್ಕು ಮಾರು ಹಿಂದಕ್ಕೆ ಎಳೆದುಕೊಂಡು ಹೋಗುತ್ತಿದ್ದೆ. ಕೆಂಪಕ್ಕ ಪಕ್ಕದಲ್ಲಿದ್ದರೆ ಅವಳನ್ನೂ. ಈ ಕೂಸಿಗೆ ಆನೆ ಎಂದರೆ ಪ್ರಾಣವೇ ಹೋಗುತ್ತದೆ ಎಂದು ಅವರು ನಗುತ್ತಿದ್ದರು. ಮದುವೆಯಾಗಿ ಮನೆ ಬಿಡುವವರೆಗೂ ಆ ಲೆಕ್ಕ ನಿಲ್ಲಲಿಲ್ಲ. ಅಷ್ಟು ವರ್ಷದಲ್ಲಿ ಆ ಹೊಲದ ಬದುವಿನಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಅವ್ವನ ಕೈ ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಮೊದಲೇ ಗಿಡ್ಡ, ಈಗ ಎರಡು ಬೆರಳು ಇನ್ನೂ ಗಿಡ್ಡ. ಆ ಮೇಲೆ ಕೆಂಪಕ್ಕ ತನ್ನ ಕೈ ಮುಂದೆ ಚಾಚಲಿಲ್ಲ. ಅವ್ವನೇ ಯಾರೂ ಕೇಳದೆ ಪ್ರತಿ ಮೊಳಕ್ಕೂ ಎರಡು ಬೆರಳು ಸೇರಿಸಿ ಕತ್ತರಿಸುತ್ತಿದ್ದಳು.

ಹೋದ ಶಿವರಾತ್ರಿಗೆ ತವರಿಗೆ ಹೋಗಿದ್ದೆ. ಮೈಯಲ್ಲಿ ಶಕ್ತಿಯಿಲ್ಲ ಎನ್ನುವಷ್ಟು ದಣಿದಿದ್ದೆ. ಮನೆ, ಮಕ್ಕಳು, ಅತ್ತೆಯ ಆರೈಕೆ, ಎಲ್ಲರಿಗೂ ಇರುವುದೇ. ಊಟ ಮಾಡಿ ಜಗಲಿಯಲ್ಲಿ ಕಾಲು ಚಾಚಿ ಕೂತೆ. ಅಪ್ಪನಿಗೆ ಪೊರೆ ತೆಗೆಸಿ ಕಪ್ಪು ಕನ್ನಡಕ ಹಾಕಿದ್ದರು. ಎದುರಿನ ದಾರಿ ನೋಡುತ್ತ ಕೂತವನು ಇದ್ದಕ್ಕಿದ್ದಂತೆ ಕೇಳಿದ.

“ಅವತ್ತು ಅಗ್ಗ ಇಡ್ದಾಗ ಐವತ್ತಾರೇ ಅಲ್ವಾ ಕೂಸೇ ಬಂದದ್ದು?”

ನಿನಗೆ ಹೇಗೆ ಗೊತ್ತು ಎಂದೆ.

“ಒಂದೊಂದ್ ಗಂಟ್ಗೂ ನೀನು ತಲೆ ಆಡಿಸ್ಕಂಡು ಬತ್ತಿದ್ದೆ. ನಾನೂ ಎಣಿಸ್ತಾ ನಿಂತಿದ್ದೆ.”

“ಮತ್ಯಾಕಪ್ಪ ಸುಮ್ಕಿದ್ದೆ?”

“ನೀನ್ ಅರವತ್ತು ಅಂದ್ಯಲ್ಲ. ಅಂಗಂದ್ಮೇಲೆ ನಾ ಏನ್ ಯೋಳ್ಲಿ. ಅವತ್ತಿಂದ ಕಣ್ಣಿಗ್ ಕಂಡದ್ರಲ್ಲಿ ನಾಕು ಕಳ್ದೇ ಯೋಳ್ತಿದ್ದೆ.”

ಒಳಗೆ ಅವ್ವ ಪೂಜೆಗೆಂದು ಹೂ ಅಳೆಯುತ್ತಿದ್ದಳು, ಸೊಟ್ಟ ಕೈಯ ಬಳೆಯ ಸದ್ದು ಕೇಳುತ್ತಿತ್ತು. ನಾನು ಲೆಕ್ಕ ಹಾಕಿದೆ. ಅಪ್ಪ ಕಳೆದ ನಾಲ್ಕಕ್ಕೇ ಲೆಕ್ಕ ಸರಿಯಾಗಿತ್ತು, ನಾನು ಕಳೆದದ್ದು ಇನ್ನೂ ನಾಲ್ಕು. ಅಷ್ಟು ವರ್ಷ ನಾನು, ಅವ್ವ, ಕೆಂಪಕ್ಕ ಆನೆಯಿಂದ ನಿಲ್ಲಬೇಕಾದ್ದಕ್ಕಿಂತ ನಾಲ್ಕು ಮಾರು ಹಿಂದೆ ನಿಂತಿದ್ದೆವು.